ಡೊಮೇನ್ ಹೆಸರು ಕಳ್ಳರ ಪಾಲಾಗುವ ಬಗೆ, ಅದನ್ನು ಕಾಯ್ದುಕೊಳ್ಳುವ ಬಗೆ

ಕುಮಟಾದಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ನನ್ನ ಪರಿಚಿತರೊಬ್ಬರ ಹೋಮ್‌ಸ್ಟೇ ಇದೆ. ಮಳೆಗಾಲದಲ್ಲಿ ಅಲ್ಲಿಗೆ ಬರುವವರು ಕಡಿಮೆಯಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯವರು ತಮ್ಮ ವೆಬ್‌ಸೈಟನ್ನು ತೆರೆದೂ ನೋಡುವುದಿಲ್ಲ. ಅಂಥದೊಂದು ಮಳೆಗಾಲ ಕಳೆದು ನವರಾತ್ರಿಯ ರಜೆ ಶುರುವಾದಾಗ ಹುಬ್ಬಳ್ಳಿಯ ಕುಟುಂಬವೊಂದು ಚೀಲಗಳ ಸಮೇತ ಅವರ ಅಂಗಳದಲ್ಲಿ ಬಂದಿಳಿಯಿತು. ಎರಡು ಕೋಣೆಗೆ ಮುಂಗಡ ಕೊಟ್ಟಿದ್ದೇವೆ ಎಂದು ಯುಪಿಐ ರಸೀದಿಯನ್ನೂ ತೋರಿಸಿತು. ಹಣ ಹೋಗಿದ್ದು ಯಾರದೋ ಖಾತೆಗೆ. ಅತಿಥಿಗಳ ಮೊಬೈಲಿನಲ್ಲಿದ್ದ ವೆಬ್‌ಸೈಟಿನ ಹೆಸರು ಹಳೆಯದೇ, ಫೋಟೊಗಳು ಹಳೆಯವೇ, ತುಳಸಿಕಟ್ಟೆಯ ಪಕ್ಕದಲ್ಲಿ ಒಣಹಾಕಿದ್ದ ಮುರುಗಲ ಸಿಪ್ಪೆ ಕೂಡ ಚಿತ್ರದಲ್ಲಿ ಹಾಗೆಯೇ ಇತ್ತು. ಪುಟದ ಕೆಳಗಿದ್ದ ಫೋನ್ ನಂಬರ್ ಒಂದು ಮಾತ್ರ ಬೇರೆಯಾಗಿತ್ತು.

ಆ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವಾಗಿರುವ ಹೆಸರನ್ನು, ಆರು ವರ್ಷಗಳ ಹಿಂದೆ ನೋಂದಾಯಿಸಿಕೊಟ್ಟವನು ನಾನೇ. ಆಗ ನಾನು ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಯ ಇಮೇಲ್ ವಿಳಾಸವನ್ನು ಖಾತೆಗೆ ಕೊಟ್ಟಿದ್ದೆ. ಕೆಲವು ವರ್ಷಗಳಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು, ಅದರ ಇಮೇಲ್ ನಿಂತುಹೋಯಿತು, ನವೀಕರಣದ ಸೂಚನೆಗಳು ಯಾರೂ ತೆರೆಯದ ಆ ಪೆಟ್ಟಿಗೆಗೇ ಹೋಗುತ್ತಿದ್ದವು. ಮೇ ಕೊನೆಯಲ್ಲಿ ಅವಧಿ ಮುಗಿದ ಹೆಸರು ಆಗಸ್ಟ್ ಮಳೆಯಲ್ಲಿ ಅಪರಿಚಿತರ ಕೈ ಸೇರಿತ್ತು. ಯಾರೂ ಬೀಗ ಮುರಿದಿರಲಿಲ್ಲ. ನಾವೇ ಬಾಗಿಲು ತೆರೆದಿಟ್ಟು ಮಲಗಿದ್ದೆವು. ಆ ಬಳಿಕ ಜಿಲ್ಲೆಯ ಹೋಮ್‌ಸ್ಟೇಗಳಿಗೆ, ಸಹಕಾರಿ ಸಂಘಗಳಿಗೆ, ಅಡಿಕೆ ವ್ಯಾಪಾರಿಗಳಿಗೆ ನಾನು ಹೇಳಿಕೊಡುತ್ತ ಬಂದಿರುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಳ್ಳರು ಬರುವ ದಾರಿ ತಿಳಿದರೆ ಕಾವಲು ಎಲ್ಲಿ ಬೇಕೆಂಬುದು ತಾನಾಗಿ ತಿಳಿಯುವುದರಿಂದ ಮೊದಲು ದಾರಿಗಳ ವಿಚಾರ ಬರುತ್ತದೆ.

ಸೊಪ್ಪಿನ ಬೆಟ್ಟದಂಥ ಹಕ್ಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಸೊಪ್ಪು ಕಡಿಯುವ, ದರಕು (ಉದುರಿದ ಒಣ ಎಲೆ) ಒಟ್ಟುಮಾಡುವ ಹಕ್ಕು ತೋಟದವರದು, ಭೂಮಿಯ ಒಡೆತನ ಸರ್ಕಾರದ್ದು. ಡೊಮೇನ್ ಹೆಸರೂ ಹೆಚ್ಚುಕಡಿಮೆ ಇದೇ ಬಗೆಯದು. ಅದನ್ನು ಕೊಂಡೆವು ಎಂದು ನಾವು ಬಾಯಿಮಾತಿಗೆ ಹೇಳುತ್ತೇವಾದರೂ ನಮಗೆ ಸಿಗುವುದು ಇಷ್ಟು ವರ್ಷ ಬಳಸುವ ಹಕ್ಕು ಮಾತ್ರ, ಅದೂ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಜಗತ್ತಿನ ಹೆಸರುಗಳ ವ್ಯವಸ್ಥೆಯನ್ನು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ ಸಂಯೋಜಿಸುತ್ತದೆ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರ ವೆರಿಸೈನ್ ಕಂಪನಿಯ ಬಳಿಯೂ, ಡಾಟ್ ಇನ್ ಹೆಸರುಗಳದು 2003ರಲ್ಲಿ ಆರಂಭವಾದ ನಮ್ಮ ನಿಕ್ಸಿ ಸಂಸ್ಥೆಯ ಬಳಿಯೂ ಇರುತ್ತದೆ. ನಾವು ದುಡ್ಡು ಕಟ್ಟುವ ರಿಜಿಸ್ಟ್ರಾರ್ ಎಂಬುದು ಈ ದಫ್ತರಕ್ಕೂ ನಮಗೂ ನಡುವಿನ ಅಂಗಡಿ. ದಫ್ತರದಲ್ಲಿ ಯಾರ ಹೆಸರಿದೆಯೋ ಹಕ್ಕು ಅವರದು. ವೆಬ್‌ಸೈಟ್ ಕಟ್ಟಲು ದುಡ್ಡು ಕೊಟ್ಟವರು ಯಾರು, ಮನೆಯ ಬಾಗಿಲ ಮೇಲಿನ ಬೋರ್ಡಿನಲ್ಲಿ ಯಾರ ಹೆಸರಿದೆ ಎಂಬುದನ್ನು ಅದು ಕೇಳುವುದಿಲ್ಲ.

ಮರೆವಿನಿಂದ ಹೋಗುವ ಹೆಸರು

ನಮ್ಮ ಕಡೆ ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ಈ ದಾರಿಯಲ್ಲೇ ಆದವು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಕೂಡಲೇ ಅದು ಬೀದಿಗೆ ಬೀಳುವುದಿಲ್ಲ. ಮೊದಲು ಹೆಚ್ಚೆಂದರೆ 45 ದಿನಗಳ ರಿಯಾಯಿತಿ ಇರುತ್ತದೆ, ಆದರೆ ಇದರಲ್ಲಿ ಎಷ್ಟು ದಿನ ಕೊಡಬೇಕೆಂಬುದನ್ನು ರಿಜಿಸ್ಟ್ರಾರ್ ತೀರ್ಮಾನಿಸುತ್ತಾರೆ. ಅನೇಕರು ಈ ಅವಧಿಯಲ್ಲೇ ಹೆಸರನ್ನು ಹರಾಜಿಗೆ ಇಡುವುದೂ ಉಂಟು. ಅದು ಕಳೆದ ಮೇಲೆ 30 ದಿನಗಳ ಬಿಡಿಸಿಕೊಳ್ಳುವ ಅವಧಿ ಬರುತ್ತದೆ. ಆಗ ಹೆಸರು ವಾಪಸು ಬೇಕೆಂದರೆ ಮಾಮೂಲಿ ಶುಲ್ಕದ ಮೇಲೆ ದೊಡ್ಡ ದಂಡ ಕಟ್ಟಬೇಕಾಗುತ್ತದೆ. ಕೊನೆಗೆ 5 ದಿನ ಯಾರೂ ಏನೂ ಮಾಡಲಾಗದ ಅಳಿಕೆಯ ಅವಧಿ, ಆಮೇಲೆ ಮೊದಲು ಬಂದವರಿಗೆ ಮೊದಲು. ಹೀಗೆ ಬೀಳುವ ಹೆಸರುಗಳ ಪಟ್ಟಿ ಬಹಿರಂಗವಾಗಿಯೇ ಸಿಗುತ್ತದೆ, ಮಾವಿನ ಮರದ ಕೆಳಗೆ ಗಾಳಿಗೆ ಕಾಯುವ ಮಕ್ಕಳಂತೆ ಅವುಗಳಿಗಾಗಿ ಸ್ವಯಂಚಾಲಿತ ಸಾಫ್ಟ್‌ವೇರ್‌ಗಳು ಕಾಯುತ್ತಿರುತ್ತವೆ, ಒಳ್ಳೆಯ ಹೆಸರು ಬಿದ್ದ ಕ್ಷಣದಲ್ಲೇ ಹೋಗುತ್ತದೆ. ಡಾಟ್ ಇನ್ ಮುಂತಾದವಕ್ಕೂ ಇದೇ ಮಾದರಿಯ ಹಂತಗಳಿವೆ. ದಿನಗಳ ಲೆಕ್ಕವನ್ನು ನಿಮ್ಮ ರಿಜಿಸ್ಟ್ರಾರ್ ಬಳಿ ಕೇಳಿ ಬರೆದಿಟ್ಟುಕೊಳ್ಳಿ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಇಮೇಲ್ ಸೇವೆಯಾದ ಹಾಟ್‌ಮೇಲ್‌ಗೆ ಲಾಗಿನ್ ಆಗಲು ಬೇಕಾಗಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಶುಲ್ಕ ಕಟ್ಟಲು ಮರೆತಿತ್ತು, ಹಾಟ್‌ಮೇಲ್ ಬಳಕೆದಾರರಿಗೆ ಒಳಗೆ ಹೋಗಲು ಆಗಲಿಲ್ಲ, ಕೊನೆಗೆ ಹೊರಗಿನ ಪ್ರೋಗ್ರಾಮರ್ ಒಬ್ಬರು ತಮ್ಮ ಕೈಯಿಂದ 35 ಡಾಲರ್ ಕಟ್ಟಿದರು. ಅವರು ಸಜ್ಜನರಾಗಿದ್ದರು ಎಂಬುದು ಆ ಕಂಪನಿಯ ಪುಣ್ಯ.

ಸಜ್ಜನರಲ್ಲದವರ ಕೈಗೆ ಹಳೆಯ ಹೆಸರು ಸಿಕ್ಕರೆ ಅದರ ಬೆಲೆ ಹೊಸ ಹೆಸರಿಗಿಂತ ಎಷ್ಟೋ ಹೆಚ್ಚು. ಗೂಗಲ್ ಅದನ್ನು ವರ್ಷಗಳಿಂದ ಬಲ್ಲದು, ಪ್ರವಾಸದ ಪುಟಗಳು ಅದಕ್ಕೆ ಕೊಂಡಿ ಕೊಟ್ಟಿವೆ, ಇಮೇಲ್ ಸೋಸುವ ವ್ಯವಸ್ಥೆಗಳು ನಿನ್ನೆ ಹುಟ್ಟಿದ ಹೆಸರನ್ನು ಅನುಮಾನಿಸುವಷ್ಟು ಹಳೆಯ ಹೆಸರನ್ನು ಅನುಮಾನಿಸುವುದಿಲ್ಲ. ನಮ್ಮ ಹೋಮ್‌ಸ್ಟೇ ಹೆಸರಿನಲ್ಲಿ ಮೊದಲ ಕೆಲವು ವಾರ ಇಂಡೋನೇಷ್ಯಾದ ಭಾಷೆಯಲ್ಲಿ ಜೂಜಿನ ಜಾಹೀರಾತು ಇತ್ತೆಂದು ಆಮೇಲೆ ತಿಳಿಯಿತು. ಬುಕಿಂಗ್ ವಂಚನೆ ಶುರುವಾದದ್ದು ಪ್ರವಾಸದ ದಿನಗಳು ಹತ್ತಿರ ಬಂದ ಮೇಲೆ. ಹಳೆಯ ಪುಟಗಳನ್ನು ಮತ್ತೆ ಕಟ್ಟುವುದು ಕಷ್ಟವಲ್ಲ, ಏಕೆಂದರೆ ಇಂಟರ್ನೆಟ್ ಆರ್ಕೈವ್‌ನಂಥ ಸಂಗ್ರಹಗಳಲ್ಲಿ ಅವುಗಳ ಪ್ರತಿ ಇರುತ್ತದೆ.

ಬಹಳ ಜನರ ಗಮನಕ್ಕೆ ಬಾರದ ಅಪಾಯ ಇಮೇಲಿನದು. ಹೆಸರು ಯಾರ ಕೈಯಲ್ಲಿದೆಯೋ ಆ ಹೆಸರಿನ ಇಮೇಲ್ ವಿಳಾಸಗಳಿಗೆ ಬರುವುದೆಲ್ಲ ಅವರ ಕೈಗೆ ಸಿಗುತ್ತದೆ. ನಿಮ್ಮ ಸಂಘದ ಫೇಸ್‌ಬುಕ್ ಪುಟವೋ, ಗೂಗಲ್ ನಕ್ಷೆಯಲ್ಲಿರುವ ನಿಮ್ಮ ಅಂಗಡಿಯ ವಿವರವೋ ಆ ಹಳೆಯ ಇಮೇಲಿಗೆ ಜೋಡಣೆಯಾಗಿದ್ದರೆ, ಹೊಸದಾಗಿ ಬಂದವರು ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಗುಂಡಿಯನ್ನು ಒತ್ತಿದರೆ ಸಾಕು, ಹೊಸ ಪಾಸ್‌ವರ್ಡಿನ ಕೊಂಡಿ ನೇರವಾಗಿ ಅವರ ಪೆಟ್ಟಿಗೆಗೆ ಹೋಗುತ್ತದೆ. ಆದ್ದರಿಂದ ವ್ಯವಹಾರ ನಿಲ್ಲಿಸಿದ್ದೇವೆ, ಇನ್ನು ಆ ಹೆಸರು ಬೇಡ ಎನ್ನುವವರಿಗೂ ನಾನು ಹೇಳುವುದೇನೆಂದರೆ, ಆ ಹೆಸರಿನ ಇಮೇಲಿಗೆ ಕಟ್ಟಿರುವ ಖಾತೆಗಳನ್ನೆಲ್ಲ ಮೊದಲು ಬೇರೆಡೆಗೆ ಬದಲಾಯಿಸಿ, ಆಮೇಲೂ ಎರಡು ಮೂರು ವರ್ಷ ಶುಲ್ಕ ಕಟ್ಟುತ್ತಿರಿ.

ಹೋಲುವ ಹೆಸರುಗಳು

ಇನ್ನೊಂದು ದಾರಿಯಲ್ಲಿ ನಿಮ್ಮ ಹೆಸರನ್ನು ಯಾರೂ ಮುಟ್ಟುವುದಿಲ್ಲ, ಅದರ ತದ್ರೂಪವೊಂದನ್ನು ಹೊಸದಾಗಿ ನೋಂದಾಯಿಸುತ್ತಾರೆ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಾಗಿ ಬರೆದರೆ ಮೊಬೈಲ್ ಪರದೆಯಲ್ಲಿ ಎಮ್ ಎಂದೇ ಕಾಣುತ್ತದೆ. ಸಣ್ಣ ಎಲ್ ಅಕ್ಷರದ ಜಾಗದಲ್ಲಿ ಒಂದು ಎಂಬ ಅಂಕಿ, ಒ ಅಕ್ಷರದ ಜಾಗದಲ್ಲಿ ಸೊನ್ನೆ, ಹೆಸರಿನ ನಡುವೆ ಒಂದು ಅಡ್ಡಗೆರೆ, ಡಾಟ್ ಇನ್ ಬದಲಿಗೆ ಡಾಟ್ ಕಾಮ್. ಕನ್ನಡದ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಿಶ್ಚಿತ ಕಾಗುಣಿತವೇ ಇಲ್ಲದಿರುವುದರಿಂದ ಕಳ್ಳರ ಕೆಲಸವನ್ನು ನಾವೇ ಸುಲಭ ಮಾಡಿಕೊಟ್ಟಂತಾಗಿದೆ. ತೋಟದಮನೆ ಎಂಬ ಹೆಸರನ್ನೇ ನೋಡಿ. ಮೊದಲಿನ ತಕಾರಕ್ಕೆ ಟಿ ಒಂದೇ ಬರೆಯುವವರಿದ್ದಾರೆ, ಟಿ ಎಚ್ ಬರೆಯುವವರಿದ್ದಾರೆ. ಓಕಾರಕ್ಕೆ ಒಂದು ಒ ಸಾಕೆನ್ನುವವರೂ ಎರಡು ಬೇಕೆನ್ನುವವರೂ ಇದ್ದಾರೆ. ದಕಾರಕ್ಕೆ ಡಿ ಅಥವಾ ಡಿ ಎಚ್. ಈ ಮೂರು ಕಡೆಯಲ್ಲೇ ಎಂಟು ಸ್ಪೆಲಿಂಗ್‌ಗಳಾದವು, ಎಂಟನ್ನೂ ಓದುವವರು ಸರಿಯೆಂದೇ ಒಪ್ಪುತ್ತಾರೆ. ಶಿರಸಿಯನ್ನೇ ಎರಡು ಬಗೆಯಲ್ಲಿ ಬರೆಯುವ ನಾವು ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಲಿಪಿಯನ್ನೇ ಬದಲಿಸುವ ಮೋಸವೂ ಇದೆ. ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನ ಅಕ್ಷರಗಳನ್ನು ಕಣ್ಣಿಗೆ ವ್ಯತ್ಯಾಸವೇ ಇಲ್ಲದಂತೆ ಹೋಲುತ್ತವೆ. 2017ರಲ್ಲಿ ಸಂಶೋಧಕರೊಬ್ಬರು ಬರೀ ಸಿರಿಲಿಕ್ ಅಕ್ಷರಗಳಿಂದ ಆ್ಯಪಲ್ ಡಾಟ್ ಕಾಮ್ ಎಂದು ಕಾಣುವ ಹೆಸರನ್ನು ನೋಂದಾಯಿಸಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಅದನ್ನು ಅಸಲಿಯಂತೆ ತೋರಿಸುವುದನ್ನು ಬಯಲಿಗಿಟ್ಟರು. ಕನ್ನಡದಲ್ಲಿ ಡಾಟ್ ಭಾರತ ಎಂದು ಮುಗಿಯುವ ಹೆಸರುಗಳು ಈಗ ಸಿಗುತ್ತವೆ. ನಮ್ಮ ಲಿಪಿಯಲ್ಲಿ ಸೊನ್ನೆಯ ಅಂಕಿಯೂ ಅನುಸ್ವಾರವೂ ಒಂದೇ ಆಕಾರದವು ಎಂಬುದನ್ನು ನೆನೆದರೆ ಈ ಬಗೆಯ ಹೆಸರುಗಳಿಗೆ ಯಾವ ಅಕ್ಷರ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಿಯಮಗಳು ಏಕೆ ಬೇಕೆಂಬುದು ಹೊಳೆಯುತ್ತದೆ.

ಹೋಲುವ ಹೆಸರಿನ ಅತ್ಯಂತ ದುಬಾರಿ ಬಳಕೆ ಇಮೇಲಿನಲ್ಲಿ ಆಗುತ್ತದೆ. ಶಿರಸಿಯ ವ್ಯಾಪಾರಿಯೊಬ್ಬರು ಉತ್ತರ ಭಾರತದ ಖರೀದಿದಾರರಿಗೆ ಒಂದು ಲಾರಿ ರಾಶಿ ಅಡಿಕೆ ಕಳಿಸಿದ್ದಾರೆ ಎಂದುಕೊಳ್ಳಿ. ಅವರಿಬ್ಬರ ಪತ್ರವ್ಯವಹಾರವನ್ನು ಯಾವುದೋ ಕದ್ದ ಪಾಸ್‌ವರ್ಡಿನಿಂದ ಓದುತ್ತ ಕುಳಿತಿರುವವನು, ಬಿಲ್ಲು ಹೋದ ಮಾರನೆಯ ದಿನ ಒಂದಕ್ಷರ ಮಾತ್ರ ಬೇರೆಯಾಗಿರುವ ಡೊಮೇನ್‌ನಿಂದ, ಹಿಂದಿನ ಪತ್ರಗಳನ್ನೆಲ್ಲ ಕೆಳಗೆ ಹಾಗೆಯೇ ಇಟ್ಟು, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಣ ಹಾಕಿ ಎಂದು ಬರೆಯುತ್ತಾನೆ. ಖರೀದಿದಾರರು ಹಾಕುತ್ತಾರೆ. ಇಲ್ಲಿ ವೆಬ್‌ಸೈಟ್ ಇರಲೇಬೇಕೆಂದಿಲ್ಲ, ಆ ಹೆಸರನ್ನು ಬ್ರೌಸರಿನಲ್ಲಿ ತೆರೆದರೆ ಖಾಲಿ ಪುಟ ಬರಬಹುದು. ಆದ್ದರಿಂದ ನಿಮ್ಮ ಹೆಸರನ್ನು ಹೋಲುವುದೊಂದು ಕಣ್ಣಿಗೆ ಬಿದ್ದಾಗ ಪುಟ ಖಾಲಿಯಿದೆಯೆಂದು ಸುಮ್ಮನಾಗದೆ, ಅದಕ್ಕೆ ಇಮೇಲ್ ಸ್ವೀಕರಿಸುವ ಎಮ್ಎಕ್ಸ್ ದಾಖಲೆ ಇದೆಯೇ ಎಂದು ಡಿಎನ್ಎಸ್, ಅಂದರೆ ಒಂದು ಹೆಸರು ಯಾವ ಕಂಪ್ಯೂಟರಿಗೆ ಒಯ್ಯುತ್ತದೆ ಎಂಬ ದಾಖಲೆಗಳನ್ನು, ತೋರಿಸುವ ಯಾವುದಾದರೂ ಉಚಿತ ಸೇವೆಯಲ್ಲಿ ನೋಡಿ. ಇದ್ದರೆ ಪತ್ರದ ಮೋಸಕ್ಕೆ ಸಿದ್ಧತೆ ನಡೆದಿರುವ ಸಾಧ್ಯತೆ ಹೆಚ್ಚು. ಬ್ಯಾಂಕ್ ಖಾತೆ ಬದಲಾದ ಸುದ್ದಿ ಬಂದಾಗ ಆ ಪತ್ರದಲ್ಲಿರುವ ನಂಬರಿಗೆ ಕರೆ ಮಾಡದೆ, ನಿಮ್ಮ ಹಳೆಯ ವಹಿಯಲ್ಲಿರುವ ನಂಬರಿಗೇ ಮಾಡಿ ಕೇಳುವ ರೂಢಿಯೊಂದೇ ಇದಕ್ಕೆ ಗಟ್ಟಿಯಾದ ತಡೆ.

ಇಂಥ ಹೆಸರುಗಳನ್ನು ಕೊಳ್ಳುವ ರೀತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕೆಲವು ಡೊಮೇನ್ ಕೊನೆಗಳಿಗೆ ಮೊದಲ ವರ್ಷ ಬಹಳ ಅಗ್ಗ, ಎರಡನೆಯ ವರ್ಷದಿಂದ ದುಬಾರಿ. ಪ್ರಾಮಾಣಿಕ ಗ್ರಾಹಕರಿಗೆ ಇದು ಕಿರಿಕಿರಿ. ಎರಡು ವಾರದಲ್ಲಿ ಕೆಲಸ ಮುಗಿಸುವ ವಂಚಕರಿಗೆ ಎರಡನೆಯ ವರ್ಷ ಎಂಬುದೇ ಇಲ್ಲ. ಅವರು ಕದ್ದ ಕಾರ್ಡುಗಳಿಂದ ನೂರಾರು ಹೆಸರುಗಳನ್ನು ಒಟ್ಟಿಗೆ ಕೊಳ್ಳುತ್ತಾರೆ, ಕೆಲವನ್ನು ತಿಂಗಳುಗಟ್ಟಲೆ ಹಾಗೆಯೇ ಇಟ್ಟು ಹಣ್ಣು ಮಾಡುತ್ತಾರೆ.

ಖಾತೆಯನ್ನೇ ಕದಿಯುವುದು

ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ಸಿಕ್ಕರೆ, ಇಲ್ಲವೇ ರಿಜಿಸ್ಟ್ರಾರ್ ಕಚೇರಿಯ ಸಿಬ್ಬಂದಿಯನ್ನು ಸುಳ್ಳು ಕಾಗದ ತೋರಿಸಿ ನಂಬಿಸಿದರೆ, ಹೆಸರನ್ನು ಬೇರೆ ದೇಶದ ರಿಜಿಸ್ಟ್ರಾರ್ ಬಳಿಗೆ ಸಾಗಿಸಬಹುದು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರ್ಲ್ ಡಾಟ್ ಕಾಮ್ ಹೆಸರು ಹೀಗೆ ಹೋಗಿತ್ತು. ಖಾತೆ 2020ರ ಸೆಪ್ಟೆಂಬರ್‌ನಲ್ಲೇ ಕೈತಪ್ಪಿತ್ತೆಂದು ಅದನ್ನು ನಡೆಸುವವರು ಬಳಿಕ ಬರೆದರು. ಹೆಸರು ಡಿಸೆಂಬರ್‌ನಲ್ಲಿ ಒಂದು ರಿಜಿಸ್ಟ್ರಾರ್‌ಗೆ, 2021ರ ಜನವರಿಯಲ್ಲಿ ಇನ್ನೊಂದಕ್ಕೆ ಸಾಗಿತು, 1,90,000 ಡಾಲರ್‌ಗೆ ಮಾರಾಟಕ್ಕೂ ಇಡಲಾಯಿತು, ಫೆಬ್ರವರಿಯಲ್ಲಿ ಮೂಲದವರಿಗೆ ಮರಳಿತು. ಗಮನಿಸಬೇಕಾದದ್ದು ನಡುವಿನ ತಿಂಗಳುಗಳನ್ನು. ಕಳ್ಳರು ವೆಬ್‌ಸೈಟನ್ನು ಮುಟ್ಟದೆ ಸುಮ್ಮನೆ ಕಾದಿದ್ದರು, ಏಕೆಂದರೆ ಖಾತೆಯ ವಿವರ ಬದಲಾದ ಮೇಲೆ ಹೆಸರನ್ನು ಸಾಗಿಸಲು 60 ದಿನಗಳ ತಡೆ ಇರುತ್ತದೆ. ಪುಟ ಎಂದಿನಂತೆ ಕಾಣುತ್ತಿದೆ ಎಂಬುದು ಹೆಸರು ನಮ್ಮ ಕೈಯಲ್ಲೇ ಇದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಎಂದಿನಂತೆ ಮರ ಹತ್ತುತ್ತಿದ್ದಾನೆಂದು ಪಹಣಿ ನೋಡದೆ ಕುಳಿತರೆ ಹೇಗೋ ಹಾಗೆ.

ಹೆಸರನ್ನು ಸಾಗಿಸದೆ ಅದರ ಡಿಎನ್ಎಸ್ ದಾಖಲೆಯನ್ನಷ್ಟೇ ತಿದ್ದುವವರೂ ಇದ್ದಾರೆ. ಆಗ ಸರಿಯಾದ ವಿಳಾಸವನ್ನೇ ಒತ್ತಿದ ಗ್ರಾಹಕರು ಕಳ್ಳರ ಕಂಪ್ಯೂಟರಿಗೆ ಹೋಗುತ್ತಾರೆ. ಇದರ ತಮ್ಮನಂಥ ಇನ್ನೊಂದು ಸಮಸ್ಯೆ ಉಪಹೆಸರುಗಳದು, ಅಂದರೆ ಮುಖ್ಯ ಹೆಸರಿನ ಎಡಕ್ಕೆ ಒಂದು ಚುಕ್ಕೆಯೊಂದಿಗೆ ಸೇರಿಸುವ ಹೆಸರುಗಳದು. ಬುಕಿಂಗ್ ಎಂಬ ಉಪಹೆಸರನ್ನು ಹೊರಗಿನ ಯಾವುದೋ ಸೇವೆಯ ಕಡೆಗೆ ತಿರುಗಿಸಿರುತ್ತೀರಿ, ಎರಡು ವರ್ಷದ ಮೇಲೆ ಆ ಸೇವೆಯನ್ನು ಬಿಡುತ್ತೀರಿ, ಡಿಎನ್ಎಸ್‌ನ ಆ ಸಾಲು ಮಾತ್ರ ಉಳಿದಿರುತ್ತದೆ. ಅದೇ ಸೇವೆಯಲ್ಲಿ ಬಿಟ್ಟುಹೋದ ಆ ಜಾಗವನ್ನು ಹಿಡಿದವರು ನಿಮ್ಮ ಹೆಸರಿನಲ್ಲೇ ಅಂಗಡಿ ತೆರೆಯಬಹುದು.

ಕಾನೂನುಬದ್ಧವಾಗಿ ಕೊಂಡು ಕೆಡಿಸುವ ದಾರಿಯನ್ನೂ ಬಿಡುವಂತಿಲ್ಲ. ಲಕ್ಷಕ್ಕೂ ಹೆಚ್ಚು ವೆಬ್‌ಸೈಟ್‌ಗಳು ಪಾಲಿಫಿಲ್ ಡಾಟ್ ಐಒ ಎಂಬ ಹೆಸರಿನಿಂದ ಒಂದು ತುಣುಕು ಕೋಡನ್ನು ತಂದು ಬಳಸುತ್ತಿದ್ದವು. 2024ರ ಫೆಬ್ರವರಿಯಲ್ಲಿ ಆ ಹೆಸರು ಚೀನಾದ ಕಂಪನಿಯೊಂದಕ್ಕೆ ಮಾರಾಟವಾಯಿತು, ಜೂನ್‌ನಲ್ಲಿ ಅದೇ ಕೋಡಿನೊಳಗೆ ಮೊಬೈಲ್ ಬಳಕೆದಾರರನ್ನು ಜೂಜಿನ ತಾಣಗಳಿಗೆ ಒಯ್ಯುವ ಸಾಲುಗಳು ಪತ್ತೆಯಾದವು. ವೆಬ್‌ಸೈಟ್ ಮಾಡಿಸುವಾಗ ಹೊರಗಿನ ಎಷ್ಟು ಹೆಸರುಗಳಿಂದ ಕೋಡ್ ಬರುತ್ತಿದೆ ಎಂದು ಮಾಡಿದವರನ್ನು ಕೇಳುವ ಹಕ್ಕು ನಿಮಗಿದೆ.

ಕಾಯುವ ಕೆಲಸ: ಅರ್ಧ ದಿನದ್ದು

ಮೊದಲು ಮಾಡಬೇಕಾದದ್ದು ಹೆಸರಿನ ಪಹಣಿ ತೆಗೆಯುವುದು. ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ಎಂಬ ತಾಣದಲ್ಲಿ ನಿಮ್ಮ ಡೊಮೇನ್ ಹೆಸರನ್ನು ಹಾಕಿದರೆ ಅದು ಯಾವ ರಿಜಿಸ್ಟ್ರಾರ್ ಬಳಿಯಿದೆ, ಯಾವ ದಿನ ನೋಂದಣಿಯಾಯಿತು, ಯಾವ ದಿನ ಮುಗಿಯುತ್ತದೆ, ಅದರ ಡಿಎನ್ಎಸ್ ದಾಖಲೆಗಳನ್ನು ಇಟ್ಟಿರುವ ಯಾವ ನೇಮ್‌ಸರ್ವರ್‌ಗಳನ್ನು ತೋರಿಸುತ್ತಿದೆ ಎಂಬುದು ಬರುತ್ತದೆ. ನೋಂದಾಯಿಸಿದವರ ಹೆಸರನ್ನು ಈಗ ಹೆಚ್ಚಾಗಿ ಮರೆಮಾಚಿರುವುದರಿಂದ ಅದನ್ನು ಖಾತೆಯ ಒಳಗೆ ಹೋಗಿಯೇ ನೋಡಬೇಕು. ಅಲ್ಲಿ ನೋಂದಣಿದಾರರ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಸಂಘದ ಹೆಸರಿರಬೇಕು. ವೆಬ್‌ಸೈಟ್ ಮಾಡಿದ ಹುಡುಗನ ಹೆಸರಿದ್ದರೆ ಅವನ ಮೇಲೆ ಸಂಶಯಪಡಬೇಕಾಗಿಲ್ಲ. ಬೆಂಗಳೂರಿಗೆ ಹೋಗುವ ಮೊದಲು ಒಂದು ಸಂಜೆ ಕೂರಿಸಿಕೊಂಡು ವರ್ಗಾಯಿಸಿಕೊಳ್ಳಿ. ಹೋದ ಮೇಲೆ ಹಿಡಿಯುವುದು ಕಷ್ಟ.

ಖಾತೆಗೆ ಕೊಡುವ ಇಮೇಲ್ ಆ ಡೊಮೇನ್‌ನದೇ ಆಗಿರಬಾರದು. ಹೆಸರು ನಿಂತರೆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರವೂ ಅದರೊಂದಿಗೇ ಸಾಯುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ಸೂಚನೆ ಕಳಿಸುವುದು ರಿಜಿಸ್ಟ್ರಾರ್‌ಗಳಿಗೆ ಕಡ್ಡಾಯ. ಅದು ತಲುಪುವ ಪೆಟ್ಟಿಗೆಯನ್ನು ಕನಿಷ್ಠ ಇಬ್ಬರು ನೋಡುವಂತಿರಲಿ. ತಾನಾಗಿ ನವೀಕರಣವಾಗುವ ಸೌಲಭ್ಯವನ್ನು ಚಾಲೂ ಇಡಿ, ಆದರೆ ಅದಕ್ಕೆ ಜೋಡಿಸಿದ ಕಾರ್ಡಿನ ಅವಧಿ ಮುಗಿದಿದ್ದರೆ ಅದೂ ಕೈಕೊಡುತ್ತದೆ. ಈ ಕಾರಣಕ್ಕೆ ಒಮ್ಮೆಗೇ ಐದು ವರ್ಷಕ್ಕೆ ಕಟ್ಟಿಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಹಕಾರಿ ಸಂಘಗಳಲ್ಲಿ ಕಾರ್ಯದರ್ಶಿ ಬದಲಾಗುವಾಗ ಬೀಗದ ಕೈ, ಚೆಕ್ ಪುಸ್ತಕ ಹಸ್ತಾಂತರವಾಗುವಂತೆ ಡೊಮೇನ್ ಖಾತೆಯೂ ಹಸ್ತಾಂತರವಾಗಬೇಕು. ಸಂಘದ ಆಸ್ತಿ ಪಟ್ಟಿಯಲ್ಲಿ ಕಪಾಟು, ಕುರ್ಚಿಗಳ ಜೊತೆ ಡೊಮೇನ್ ಹೆಸರನ್ನು ಬರೆದಿರುವ ಸಂಘವನ್ನು ನಾನಿನ್ನೂ ನೋಡಿಲ್ಲ.

ಖಾತೆಗೆ ಎರಡು ಹಂತದ ಪರಿಶೀಲನೆ ಇರಲೇಬೇಕು. ಎಸ್ಎಮ್ಎಸ್ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ಸಿಮ್ ನಕಲು ಮಾಡಿಸುವ ವಂಚನೆಗೆ ಅದು ಬಗ್ಗುವುದಿಲ್ಲ, ಜುಲೈ ಗಾಳಿಮಳೆಗೆ ಟವರ್ ಹೋದಾಗಲೂ ಕೆಲಸ ಮಾಡುತ್ತದೆ. ಮೊಬೈಲ್ ಕಳೆದರೆ ಬೇಕಾಗುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಪಹಣಿ, ತೆರಿಗೆ ರಸೀದಿ ಇಡುವ ಕಡತದಲ್ಲೇ ಇಡಿ. ಆಮೇಲೆ ವರ್ಗಾವಣೆ ಬೀಗ ಹಾಕಿ; ಹಾಕಿದ್ದರೆ ಲುಕಪ್‌ನಲ್ಲಿ ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್ ಎಂಬ ಸ್ಥಿತಿ ಕಾಣುತ್ತದೆ. ವರ್ಗಾವಣೆಗೆ ಬೇಕಾಗುವ ಗುಪ್ತ ಸಂಕೇತವನ್ನು ಯಾರು ಕೇಳಿದರೂ ಒಟಿಪಿಯಂತೆಯೇ ಭಾವಿಸಿ. ಡೊಮೇನ್ ನವೀಕರಣದ ಬಿಲ್ಲು ಎಂಬಂತೆ ಕಾಣುವ ಪತ್ರಗಳು ಅಂಚೆಯಲ್ಲೂ ಇಮೇಲಿನಲ್ಲೂ ಬರುತ್ತವೆ. ದುಡ್ಡು ಕಟ್ಟುವುದಿದ್ದರೆ ನೀವೇ ವಿಳಾಸ ಬರೆದು ರಿಜಿಸ್ಟ್ರಾರ್ ತಾಣಕ್ಕೆ ಹೋಗಿ ಕಟ್ಟಿ.

ನಿಮ್ಮ ಹೆಸರಿನಲ್ಲಿ ಬೇರೆಯವರು ಇಮೇಲ್ ಕಳಿಸದಂತೆ ತಡೆಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡಿಎನ್ಎಸ್‌ನಲ್ಲಿ ಬರೆಸಬೇಕು. ಡಿಮಾರ್ಕ್ ದಾಖಲೆಯನ್ನು ಮೊದಲು ಬರೀ ವರದಿ ತರಿಸುವ ಮಟ್ಟದಲ್ಲಿಟ್ಟು, ನಿಮ್ಮ ಸ್ವಂತ ಪತ್ರಗಳು ಸರಿಯಾಗಿ ಹೋಗುತ್ತಿವೆ ಎಂದು ಕಂಡ ಮೇಲೆ ತಿರಸ್ಕರಿಸುವ ಮಟ್ಟಕ್ಕೆ ಏರಿಸಿ. ಇಮೇಲೇ ಬಳಸದ ಡೊಮೇನ್‌ಗಾದರೆ ಮೊದಲ ದಿನವೇ ತಿರಸ್ಕಾರ ಬರೆಸಬಹುದು. ಇದು ನಿಮ್ಮ ಹೆಸರಿನ ನಕಲನ್ನು ತಡೆಯುತ್ತದೆಯೇ ಹೊರತು ಹೋಲುವ ಹೆಸರನ್ನಲ್ಲ. ಹೋಲುವವುಗಳಿಗಾಗಿ ಡಾಟ್ ಇನ್ ಮತ್ತು ಡಾಟ್ ಕಾಮ್ ಎರಡನ್ನೂ, ಜನ ಹೆಚ್ಚಾಗಿ ಬರೆಯುವ ಇನ್ನೊಂದು ಸ್ಪೆಲಿಂಗನ್ನೂ ತೆಗೆದಿಡಿ. ಎಲ್ಲ ಎಂಟನ್ನೂ ಕೊಳ್ಳಲು ಹೊರಟರೆ ಅದಕ್ಕೆ ಕೊನೆಯಿಲ್ಲ. ಉಳಿದವುಗಳ ಮೇಲೆ ಕಣ್ಣಿಡಲು ಸಿಆರ್‌ಟಿ ಡಾಟ್ ಎಸ್ಎಚ್ ಎಂಬ ತಾಣವಿದೆ. ಬಹುತೇಕ ಎಲ್ಲ ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರಗಳು ಬಹಿರಂಗ ದಾಖಲೆಗೆ ಸೇರುವುದರಿಂದ, ನಿಮ್ಮ ಹೆಸರಿನ ಭಾಗವೊಂದನ್ನು ಅಲ್ಲಿ ಹುಡುಕಿದರೆ ಹೊಸ ನಕಲುಗಳು ತೆರೆಯುವ ಹೊತ್ತಿಗೇ ಕಣ್ಣಿಗೆ ಬೀಳುತ್ತವೆ.

ವಿಳಾಸ ಓದುವ ಕ್ರಮ

ಇದು ವೆಬ್‌ಸೈಟ್ ಇಲ್ಲದವರಿಗೂ ಬೇಕು. ನಮ್ಮ ಅಂಚೆ ವಿಳಾಸದಲ್ಲಿ ಮೊದಲು ಮನೆಯ ಹೆಸರು, ಆಮೇಲೆ ಊರು, ಅಂಚೆ, ತಾಲ್ಲೂಕು, ಕೊನೆಗೆ ಜಿಲ್ಲೆ ಬರುತ್ತವೆ. ಪತ್ರ ಯಾವ ಕಡೆಯದು ಎಂದು ತಿಳಿಯಲು ಕೊನೆಯನ್ನು ನೋಡುತ್ತೇವೆ, ಏಕೆಂದರೆ ಶ್ರೀನಿಲಯ ಎಂಬ ಮನೆ ಎಲ್ಲ ಊರಿನಲ್ಲೂ ಇದೆ. ಡೊಮೇನ್ ಹೆಸರೂ ಹೀಗೆಯೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯಲ್ಲಿ ಎಚ್‌ಟಿಟಿಪಿಎಸ್ ಮತ್ತು ಎರಡು ಓರೆಗೆರೆ ದಾಟಿದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದುತ್ತ ಬನ್ನಿ. ಕೊನೆಯ ಎರಡು ತುಂಡುಗಳು, ಡಾಟ್ ಕೋ ಡಾಟ್ ಇನ್ ಅಥವಾ ಡಾಟ್ ಗವ್ ಡಾಟ್ ಇನ್ ಬಗೆಯದಾದರೆ ಮೂರು ತುಂಡುಗಳು, ಅಸಲಿ ಒಡೆಯರನ್ನು ಹೇಳುತ್ತವೆ. ನಿಮ್ಮ ಬ್ಯಾಂಕಿನ ಹೆಸರು, ಡಾಟ್, ಕೆವೈಸಿ ಅಪ್‌ಡೇಟ್, ಡಾಟ್, ಟಾಪ್ ಎಂದಿದ್ದರೆ ಆ ತಾಣದ ಒಡೆಯರು ಕೆವೈಸಿ ಅಪ್‌ಡೇಟ್ ಡಾಟ್ ಟಾಪ್ ಎಂಬವರು. ಬ್ಯಾಂಕಿನ ಹೆಸರು ಅವರು ತಮ್ಮ ಮನೆಗೆ ಇಟ್ಟುಕೊಂಡ ಹೆಸರು. ನಡುವೆ ಅಟ್ ಚಿಹ್ನೆ ಇದ್ದರೆ ಅದಕ್ಕಿಂತ ಎಡಕ್ಕಿರುವುದೆಲ್ಲ ಕಣ್ಣುಕಟ್ಟು.

ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬುವ ಕಾಲ ಮುಗಿದಿದೆ. ಆ ಪ್ರಮಾಣಪತ್ರ ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ಕಳ್ಳರಿಗೂ. ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು. ಬ್ಯಾಂಕುಗಳ ಮಟ್ಟಿಗೆ ಈಗ ಒಂದು ಒಳ್ಳೆಯ ಗುರುತಿದೆ. ಭಾರತೀಯ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ಹೆಸರಿಗೆ ಬದಲಾಗಲು ಸೂಚಿಸಿತು. ಆ ಹೆಸರುಗಳನ್ನು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಐಡಿಆರ್‌ಬಿಟಿ ಎಂಬ ಸಂಸ್ಥೆಯೊಂದೇ ಪರಿಶೀಲಿಸಿ ಕೊಡುತ್ತದೆ, ಬೇರೆಯವರು ಕೊಳ್ಳಲಾಗದು. ಊರಿನ ಸೇವಾ ಸಹಕಾರಿ ಸಂಘ ಬ್ಯಾಂಕ್ ಅಲ್ಲವಾದ್ದರಿಂದ ಅದಕ್ಕೆ ಈ ಗುರುತು ಇರುವುದಿಲ್ಲ. ಅಲ್ಲಿಯ ವಿಳಾಸವನ್ನು ಪಾಸ್‌ಬುಕ್ ನೋಡಿಯೇ ಖಚಿತಪಡಿಸಿಕೊಳ್ಳಿ.

ಆದ ಮೇಲೆ

ಹಣ ಹೋಗಿದ್ದರೆ ಉಳಿದದ್ದೆಲ್ಲ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ಸೈಬರ್ ಅಪರಾಧಗಳನ್ನು ನೋಡುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ವಂಚಕರ ಪುಟದ ಚಿತ್ರವನ್ನು ವಿಳಾಸದ ಸಾಲು ಕಾಣುವಂತೆ, ದಿನ ಮತ್ತು ಸಮಯದೊಂದಿಗೆ ತೆಗೆದಿಡಿ. ಯುಪಿಐ ವ್ಯವಹಾರದ ಸಂಖ್ಯೆಯನ್ನು ಬರೆದಿಡಿ. ಅವರಿಗೆ ಕರೆ ಮಾಡಿ ಬೈಯುವುದರಿಂದ ಪುಟ ಮಾಯವಾಗಿ ಸಾಕ್ಷ್ಯ ಹೋಗುತ್ತದೆಯೇ ವಿನಾ ಬೇರೆ ಪ್ರಯೋಜನವಿಲ್ಲ. ನಮ್ಮ ಪರಿಚಿತರು ಮೊದಲು ಮಾಡಿದ್ದು ಅದನ್ನೇ.

ಪುಟವನ್ನು ಇಳಿಸಲು ಲುಕಪ್‌ನಲ್ಲಿ ಕಾಣುವ ರಿಜಿಸ್ಟ್ರಾರ್‌ನ ದುರ್ಬಳಕೆ ದೂರಿನ ವಿಳಾಸಕ್ಕೆ ಬರೆಯಿರಿ. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಫಿಶಿಂಗ್‌ನ, ಅಂದರೆ ಬೇರೆಯವರಂತೆ ನಟಿಸಿ ಮಾಹಿತಿ ಅಥವಾ ಹಣ ಸೆಳೆಯುವ ವಂಚನೆಯ, ಪುರಾವೆ ಸಿಕ್ಕಿದಾಗ ತಡೆಯುವ ಕ್ರಮ ಕೈಗೊಳ್ಳಬೇಕೆಂಬ ಷರತ್ತು 2024ರ ಏಪ್ರಿಲ್‌ನಿಂದ ಐಕ್ಯಾನ್ ಒಪ್ಪಂದದಲ್ಲೇ ಇದೆ, ಪತ್ರದಲ್ಲಿ ಅದನ್ನು ನೆನಪಿಸಿ. ಪತ್ರ ಚಿಕ್ಕದಾಗಿರಲಿ: ಯಾವ ವಿಳಾಸ, ಯಾರನ್ನು ಅನುಕರಿಸುತ್ತಿದೆ, ಯಾವ ದಿನ ಯಾರು ಎಷ್ಟು ಕಳೆದುಕೊಂಡರು, ಲಗತ್ತಿಸಿದ ಚಿತ್ರಗಳು. ಆ ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಗೂ, ವಂಚನೆಯ ತಾಣಗಳ ಬಗ್ಗೆ ಬ್ರೌಸರಿನಲ್ಲಿ ಎಚ್ಚರಿಸುವ ಗೂಗಲ್ ಸೇಫ್ ಬ್ರೌಸಿಂಗ್‌ಗೂ ಅದನ್ನೇ ಕಳಿಸಿ. ಇನ್ನು ಹೆಸರನ್ನೇ ವಾಪಸು ಪಡೆಯಬೇಕೆಂದರೆ, ಹೆಸರಿನ ವ್ಯಾಜ್ಯ ಬಗೆಹರಿಸುವ ನಿಯಮಗಳಿವೆ: ಡಾಟ್ ಇನ್ ಆದರೆ ನಿಕ್ಸಿಯ ಐಎನ್‌ಡಿಆರ್‌ಪಿ ನಿಯಮದಡಿ ಮಧ್ಯಸ್ಥರ ಮುಂದೆ, ಡಾಟ್ ಕಾಮ್ ಆದರೆ ಐಕ್ಯಾನ್‌ನ ಯುಡಿಆರ್‌ಪಿ ನಿಯಮದಡಿ ಹೋಗಬಹುದು. ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿನಂತೆ ರಕ್ಷಣೆ ಇದೆಯೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಆದರೆ ಯುಡಿಆರ್‌ಪಿಗೆ ಇಂಥ ವ್ಯಾಜ್ಯಗಳನ್ನು ನಡೆಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೋ) ಶುಲ್ಕವೇ ಒಬ್ಬ ತೀರ್ಪುಗಾರರಿಗೆ 1,500 ಡಾಲರ್, ಜೊತೆಗೆ ಆ ಹೆಸರು ನಮ್ಮದೆಂದು ಲೋಕ ಗುರುತಿಸುತ್ತಿತ್ತು ಎಂಬುದಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯೋ ಹಳೆಯ ಬಿಲ್ಲು, ಜಾಹೀರಾತುಗಳೋ ಬೇಕು.

ಮೂರು ಕೋಣೆಗಳ ಹೋಮ್‌ಸ್ಟೇಗೆ ಅಷ್ಟು ಹಣ ಹಾಕುವುದು ನಮಗೆ ಸರಿಕಾಣಲಿಲ್ಲ. ದೂರು ಕೊಟ್ಟ ಮೇಲೆ ಹಳೆಯ ಹೆಸರಿನ ಪುಟ ನಿಂತಿತು, ಹೆಸರು ಮಾತ್ರ ಅವರ ಕೈಯಲ್ಲೇ ಉಳಿಯಿತು. ಮನೆಯವರು ಡಾಟ್ ಇನ್‌ನಲ್ಲಿ ತಮ್ಮದೇ ಹೆಸರಿಗೆ, ತಮ್ಮದೇ ಇಮೇಲಿಗೆ ಹೊಸ ಡೊಮೇನ್ ತೆಗೆದುಕೊಂಡು ಹೆದ್ದಾರಿಯ ಬೋರ್ಡಿನ ಮೇಲೆ ಅದನ್ನು ಬರೆಸಿದ್ದಾರೆ, ಹುಬ್ಬಳ್ಳಿಯ ಕುಟುಂಬವನ್ನು ಆ ರಾತ್ರಿ ದುಡ್ಡು ತೆಗೆದುಕೊಳ್ಳದೆ ಉಳಿಸಿಕೊಂಡಿದ್ದರು. ಹಳೆಯ ಹೆಸರನ್ನು ಹಿಡಿದವರು ಒಂದೇ ವರ್ಷಕ್ಕೆ ಶುಲ್ಕ ಕಟ್ಟಿದ್ದಾರೆ, ಅವಧಿ ಬರುವ ಆಗಸ್ಟ್‌ಗೆ ಮುಗಿಯುತ್ತದೆ. ಅದು ಬಿದ್ದ ಕೂಡಲೇ ಹಿಡಿದುಕೊಡಿ ಎಂದು ರಿಜಿಸ್ಟ್ರಾರ್ ಒಬ್ಬರ ಬಳಿ ಬ್ಯಾಕ್‌ಆರ್ಡರ್ ಬರೆಸಿಟ್ಟಿದ್ದೇವೆ. ಈ ಸಲದ ಮಳೆಗಾಲದಲ್ಲಿ ಮರದ ಕೆಳಗೆ ಕಾಯುವವರು ನಾವು.